ಹಲಗೆಯ ನಡುವಿನ ವಿಭೂತಿ ಗೆರೆ

ಗೆಳತಿಯರೇ, ಇವತ್ತು ಪಲ್ಲಡದ ನಮ್ಮ ಮನೆಯಲ್ಲಿ ಒಂದು ಹಲಗೆಗಾಗಿ ಜಗಳ ಆಯಿತು. ಮಗ್ಗದ ಟವಲು ಕಟ್ಟುಗಳನ್ನು ಸಾಲಾಗಿ ಇಡಲು ನನಗೂ ನನ್ನ ಓರಗಿತ್ತಿ ಸರೋಜಳಿಗೂ ಇರುವುದು ಗೋಡೆಯಿಂದ ಗೋಡೆಗೆ ಒಂದೇ ಹಲಗೆ. ಯಾರೂ ಅಳಿಸಬಾರದೆಂದು ನಡುವೆ ವಿಭೂತಿಯಲ್ಲಿ ಗೆರೆ ಎಳೆದವಳು ನಾನೇ. ಬೆಳಿಗ್ಗೆ ಅವಳ ಅರ್ಧ ತುಂಬಿಹೋಯಿತು. ನನ್ನ ಅರ್ಧದಲ್ಲಿ ಗೆರೆಯ ಪಕ್ಕ ನಾಲ್ಕು ಕಟ್ಟು, ಉಳಿದದ್ದೆಲ್ಲ ಖಾಲಿ.

"ಅಕ್ಕಾ, ಉಳಿದ ಕಟ್ಟು ನೆಲದ ಮೇಲಿಟ್ರೆ ಬಿಳಿ ಟವಲಿಗೆ ಕೊಳೆ ಹತ್ತುತ್ತೆ. ತಿರುಪ್ಪೂರು ಕಂಪನಿಯೋರು ತಿರುಗಿ ಕಳಿಸ್ತಾರೆ," ಎಂದಳು.

"ಅದು ಸಾಮಿ ಗೆರೆ, ದಾಟಕೂಡದು," ಎಂದೆ.

ಕಂಪ್ಯೂಟರ್ ಓದುವ ನನ್ನ ಮಗಳು ಕವಿತಾ ನಕ್ಕಳು. "ಅಮ್ಮಾ, ಒಂದು ಅರೇಯಲ್ಲಿ, ಅಂದ್ರೆ ಒಂದೇ ಸಾಲು ಜಾಗದಲ್ಲಿ, ಎರಡು ಸ್ಟ್ಯಾಕ್ ಅಂತ ನಮಗೆ ಇದೇ ಪಾಠ. ಗೆರೆಯೇ ಬೇಡ. ಚಿಕ್ಕಮ್ಮ ಎಡಗೋಡೆಯಿಂದ ಜೋಡಿಸ್ಲಿ, ನೀನು ಬಲಗೋಡೆಯಿಂದ ಬಾ. ಕೊನೆಗೆ ಇಟ್ಟದ್ದನ್ನೇ ಮೊದಲು ತೆಗೀರಿ. ಎರಡು ಸಾಲೂ ಮುಟ್ಟೋವರೆಗೂ ಇಬ್ಬರಿಗೂ ಜಾಗ ಉಂಟು."

"ಸರಿ, ನನ್ನ ಕಣ್ಣೇ, ಸಾಮಿ ಗೆರೆ ಅಳಿಸೋದು ಯಾರು?" ಎಂದಳು ಸರೋಜ.

ವಿಭೂತಿಯನ್ನು ಬಟ್ಟೆಯಲ್ಲಿ ಒರೆಸಲು ನನಗೆ ಮನಸ್ಸು ಬರಲಿಲ್ಲ. ಬೆರಳಲ್ಲಿ ತೆಗೆದು ಅವಳ ಹಣೆಗಿಟ್ಟೆ, ಅವಳು ನನ್ನ ಹಣೆಗಿಟ್ಟಳು. ನನ್ನ ನಾಲ್ಕು ಕಟ್ಟುಗಳನ್ನು ಬಲಗೋಡೆಗೆ ಸರಿಸಿದೆ, ಅವಳ ಕಟ್ಟುಗಳೆಲ್ಲ ಹಲಗೆ ಏರಿದವು.

ಇನ್ನು ಫ್ರಿಜ್ಜಿನೊಳಗೆ ಒಂದು ಗೆರೆ ಉಳಿದಿದೆ. ಅದನ್ನು ಎಳೆದವಳು ಸರೋಜ, ಅದೂ ಕುಂಕುಮದಲ್ಲಿ.