ಬಳೆ ಮೊದಲು ಕಂಡವರು

ಈ ವಿಷಯ ಹೇಳುವುದನ್ನು ಎರಡು ವರ್ಷದಿಂದ ಮುಂದಕ್ಕೆ ತಳ್ಳುತ್ತಾ ಬಂದಿದ್ದೇನೆ. ಮೊದಲು ಮಳೆ ನಿಲ್ಲಲಿ ಎಂದೆ. ಆಮೇಲೆ ಹಬ್ಬ ಕಳೆಯಲಿ ಎಂದೆ. ಕಳೆದ ತಿಂಗಳು, ಫೋನಿನಲ್ಲಿ ಜಾಗ ತುಂಬಿದೆ ಎಂಬ ಒಳ್ಳೆಯ ನೆಪ ಸಿಕ್ಕಿತ್ತು. ಮೊಮ್ಮಗಳು ಬಂದು ನನ್ನ ಹೆಬ್ಬೆರಳಿನ ಫೋಟೋಗಳನ್ನೆಲ್ಲ ಅಳಿಸಿ ಅದನ್ನೂ ಕಿತ್ತುಕೊಂಡಳು.

ಹೆಬ್ಬೆರಳು ಎಂದೆನಲ್ಲ, ನಾನು ತೆಗೆದ ಚಿತ್ರದ ಮೂಲೆಯಲ್ಲಿ ಅದು ಇದ್ದೇ ಇರುತ್ತದೆ. "ರೀ, ಇದು ಪಿರಿಯಾಪಟ್ಟಣದ ಕೋಟೆನೋ, ನಿಮ್ಮ ಉಗುರೋ?" ಎಂದು ಹೆಂಡತಿ ಕೇಳುತ್ತಾಳೆ. ಕೇಳಲಿ. ಹುಣಸೂರಿನ ಗೊಬ್ಬರದ ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ ನನಗೆ ದಕ್ಕಿದ ಸಾಮ್ರಾಜ್ಯ ಈ ಫೋನೇ. ದಿನಾ ಬೆಳಗ್ಗೆ ಆರಕ್ಕೆ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ, ಕೆಳಗೆ ಅದರ ಹಿನ್ನೆಲೆ. ಲಕ್ಷ್ಮಣತೀರ್ಥದ ಸೇತುವೆ, ಕಬಿನಿ ಹಿನ್ನೀರಿನ ಒಣಮರದಲ್ಲಿ ರೆಕ್ಕೆ ಹರಡಿ ಕೂತ ನೀರುಕಾಗೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ, ಸಂತೆಯಲ್ಲಿ ವೀಳ್ಯದೆಲೆ ಎಣಿಸುವ ಬೆರಳುಗಳು. ನಾನು ಓದಿದ್ದು ಹತ್ತನೇ ಕ್ಲಾಸಿನವರೆಗೆ. ಹಿನ್ನೆಲೆ ಗೊತ್ತಿದ್ದರೆ ಬರೆಯುತ್ತಿದ್ದೆ. ಗೊತ್ತಿಲ್ಲದಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದೆ.

ಹಾಗೆ ಚೆನ್ನಾಗಿ ಬರೆದದ್ದರಲ್ಲಿ ಒಂದು, ಭೇರ್ಯ ಊರಿನ ಕಡೆ ಕಂಡ ಕಲ್ಲು. ಹೊಲದ ಬದುವಿನಲ್ಲಿ ಅರ್ಧ ಹೂತು ಪಾಚಿ ಕಟ್ಟಿತ್ತು. ಮೇಲಕ್ಕೆತ್ತಿದ ಒಂದು ಕೈ ಮಾತ್ರ ಮಸುಕಾಗಿ ಕಾಣುತ್ತಿತ್ತು. ಇದು ಪಾಳೇಗಾರನೊಬ್ಬನ ಅಭಯಹಸ್ತ, ದಂಡು ಬಂದಾಗ ಹೆದರಿ ಓಡುತ್ತಿದ್ದ ಜನರನ್ನು ಹೀಗೆ ಕೈಯೆತ್ತಿ ನಿಲ್ಲಿಸಿದ ಎಂದು ಬರೆದೆ. ಪಾಳೇಗಾರ, ದಂಡು, ಜನ, ಮೂರನ್ನೂ ಕಾಫಿ ಆರುವುದರೊಳಗೆ ಸೃಷ್ಟಿಸಿದ್ದೆ.

ಗುಂಪಿನಲ್ಲಿ ಒಬ್ಬ ಹೆಂಗಸಿದ್ದರು. ಊರೂರು ತಿರುಗಿ ಬಳೆ ತೊಡಿಸುವವರು. ಬರೆಯುವುದು ಕಷ್ಟವೆಂದು ದನಿಯಲ್ಲೇ ಕಳಿಸಿದರು: "ಸಾವ್ಕಾರ್ರೆ, ತೆಪ್ಪು ತಿಳ್ಕಬ್ಯಾಡಿ. ಅದು ಗಂಡಸ್ರ ಕೈಯಲ್ಲ ಕಣ್ರೀ. ಮಣಿಕಟ್ಟಿನ ತಾವ ನೋಡಿ, ಬಳೆ ಅವೆ. ಅದು ಮಾಸ್ತಮ್ಮ."

ನನ್ನ ಪಾಳೇಗಾರನ ಕೈಯನ್ನು ಎಲ್ಲರೆದುರು ಯಾರೋ ಹಿಡಿದು ಕೆಳಗಿಳಿಸಿದಂತಾಯಿತು. ತಡಮಾಡದೆ ಉತ್ತರ ಒತ್ತಿದೆ: "ಬಳೆ ಮಾರೋರಿಗೆ ಕಲ್ಲಲ್ಲೂ ಬಳೆನೇ ಕಾಣ್ತವೆ ಬುಡಮ್ಮ." ನಗುವ ಹಳದಿ ಮುಖಗಳು ಸಾಲುಗಟ್ಟಿ ಬಂದವು. ಕೆ.ಆರ್. ನಗರದ ಗೆಳೆಯನೊಬ್ಬ, "ಅಂಗಾದ್ರೆ ಆ ಪಾಳೇಗಾರ್ನಿಗೂ ಒಂದು ಡಜನ್ ತೊಡಿಸ್ಬುಟ್ಟು ಬಾ ಕಣಮ್ಮ" ಎಂದ. ಮಧ್ಯಾಹ್ನದ ಹೊತ್ತಿಗೆ ಆಕೆ ಗುಂಪು ಬಿಟ್ಟರೆಂದು ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ಬಂತು. ಆ ದಿನ ಅದು ನನಗೆ ಗೆಲುವಿನಂತೆಯೇ ಕಂಡಿತು. ಇದನ್ನೂ ಬರೆದುಬಿಡುತ್ತೇನೆ.

ಒಂದು ವರ್ಷ ಕಳೆಯಿತು. ನನ್ನ ಕಣ್ಣಿನ ಪೊರೆ ತೆಗೆದರು. ಹೊಸ ಕಣ್ಣಿನ ಹುರುಪಿನಲ್ಲಿ ಹಳೆಯ ಜಾಗಗಳನ್ನೆಲ್ಲ ಮತ್ತೆ ನೋಡಲು ಹೊರಟೆ. ಭೇರ್ಯದ ರೈತ ಉಳುಮೆಗೆ ಅಡ್ಡವೆಂದು ಆ ಕಲ್ಲನ್ನು ಎತ್ತಿ ಬೇವಿನ ಮರಕ್ಕೆ ಒರಗಿಸಿದ್ದ. ಮಳೆಗೆ ಪಾಚಿ ತೊಳೆದುಹೋಗಿತ್ತು. ಎಳೆಬಿಸಿಲು ಓರೆಯಾಗಿ ಬಿದ್ದಿತ್ತು. ಮಡಿಸಿದ ಮೊಣಕೈ, ಬೆರಳ ನಡುವೆ ನಿಂಬೆಹಣ್ಣು, ಮಣಿಕಟ್ಟಿನಲ್ಲಿ ಬಳೆ. ಗಂಡನ ಚಿತೆ ಏರಿದವಳ ನೆನಪಿಗೆ ನಿಲ್ಲಿಸುವ ಮಾಸ್ತಿಕಲ್ಲು ಅದು. ಒಡೆಯದ ಬಳೆ, ಅವಳು ಮುತ್ತೈದೆಯಾಗಿಯೇ ಹೋದಳೆಂಬುದರ ಗುರುತು. ಕಲ್ಲುಕುಟಿಗ ಅವಳ ಮುಖ ಕೆತ್ತಿರಲಿಲ್ಲ, ಹೆಸರು ಕೆತ್ತಿರಲಿಲ್ಲ. ಬಳೆಗಳನ್ನು ಮಾತ್ರ ಒಂದೊಂದಾಗಿ ಬಿಡಿಸಿದ್ದ. ಬೆರಳಿಟ್ಟು ನೋಡಿದೆ. ಕೈಗೆ ಸಿಕ್ಕವು.

ಹೊಲದಲ್ಲಿ ಯಾರೂ ಇರಲಿಲ್ಲ. ಫೋಟೋ ತೆಗೆದೆ. ಆಶ್ಚರ್ಯ, ಹೆಬ್ಬೆರಳು ಬೀಳಲಿಲ್ಲ. ಬರೆದೆ: "ಗೆಳೆಯರೇ, ಪಾಳೇಗಾರನ ಕಥೆ ತಪ್ಪು. ಮತ್ತೆ ಸೂಕ್ಷ್ಮವಾಗಿ ನೋಡಿದಾಗ ಬಳೆಗಳು ಕಂಡವು." ಯಾರಿಗೆ ಕಂಡವು ಎಂದು ಬರೆಯಲಿಲ್ಲ. ಹಿಂದಿನ ಸಲದ ತಪ್ಪನ್ನು ಪೊರೆಯ ಮೇಲೆ ಹೊರಿಸಬಹುದು. ಈ ಸಲ ಕಣ್ಣು ಚೆನ್ನಾಗಿಯೇ ಇತ್ತು.

ಆಮೇಲಿನದು ಬರೀ ಜಯಭೇರಿ. ಚಿತ್ರ ಗುಂಪಿನಿಂದ ಗುಂಪಿಗೆ ಹಾರಿ ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರು ಮುಟ್ಟಿತು. ಗಡಿಯಾಚೆಯ ಯಾರೋ ಮಲೆಯಾಳದಲ್ಲಿ ಏನೋ ಬರೆದರು, ಹೊಗಳಿಕೆಯೆಂದೇ ತಿಳಿದುಕೊಂಡೆ. ತನ್ನ ತಪ್ಪನ್ನು ತಾನೇ ಹುಡುಕಿ ತಿದ್ದಿಕೊಂಡ ಹಿರಿಯರೆಂದು ಒಂದು ಹೈಸ್ಕೂಲಿನಲ್ಲಿ ಶಾಲು ಹೊದಿಸಿ, ಪೇಟ ತೊಡಿಸಿದರು. ನೋಡುವ ಕಣ್ಣಿರಬೇಕು ಮಕ್ಕಳೇ ಎಂದು ನಾನು ಭಾಷಣ ಮಾಡಿದೆ. ಆಗಲೇ ಬಳೆ ತೊಡಿಸುವ ಆಕೆ ಕಂಡರು. ಅದೇ ಶಾಲೆಯಲ್ಲಿ ಓದುವ ತಮ್ಮ ಮೊಮ್ಮಗಳ ಪಕ್ಕ, ಕೊನೆಯ ಬೆಂಚಿನಲ್ಲಿ ಕೂತಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ; ಬಳೆ ಸದ್ದು ವೇದಿಕೆಯವರೆಗೂ ಕೇಳಿಸಿತು.

ಇಳಿದು ಬಂದಾಗ ಎದುರು ಸಿಕ್ಕರು. "ಕಡೆಗೂ ಕಂಡ್ವಲ್ಲ ಸಾವ್ಕಾರ್ರೆ, ಬಳೆ. ಅಷ್ಟು ಸಾಕು ಬುಡಿ" ಎಂದು ನಕ್ಕರು. ಅದರಲ್ಲಿ ಕೊಂಕು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಇರಲಿಲ್ಲ. ನನ್ನ ಬಾಯಲ್ಲಿ ಸನ್ಮಾನದ ಮೈಸೂರುಪಾಕು ಇತ್ತು. ಅದನ್ನು ಅಗಿಯುತ್ತಾ ತಲೆಯಾಡಿಸಿದೆ. ಶಾಲು ಬೀರುವಿನಲ್ಲಿದೆ, ಈವರೆಗೆ ಒಮ್ಮೆಯೂ ಹೊದ್ದಿಲ್ಲ. ಕಲ್ಲಿನಲ್ಲೊಬ್ಬಳು ಹೆಸರಿಲ್ಲದೆ ನಿಂತಿದ್ದಳು, ಅವಳ ಪಕ್ಕದಲ್ಲಿ ಇನ್ನೊಬ್ಬರನ್ನು ಹಾಗೇ ನಿಲ್ಲಿಸಿದವನು ನಾನು.

ನಾಳೆ ಬೆಳಗ್ಗೆ ಆರಕ್ಕೆ ಇದನ್ನೇ ಗುಂಪಿಗೆ ಹಾಕುತ್ತೇನೆ. ಮೊದಲ ಬಾರಿಗೆ ಚಿತ್ರವಿಲ್ಲ, ಬರೀ ಹಿನ್ನೆಲೆ. ಪೇಟ ತೊಟ್ಟ ದಿನಕ್ಕಿಂತ ಎದೆ ಇವತ್ತು ಹೆಚ್ಚು ಉಬ್ಬಿದೆ, ಯಾಕೆಂದರೆ ಇದರಲ್ಲಿ ಪಾಳೇಗಾರನೂ ಇಲ್ಲ, ನನ್ನ ಹೆಬ್ಬೆರಳೂ ಇಲ್ಲ. ಭೇರ್ಯದ ಕಲ್ಲಿನಲ್ಲಿ ಬಳೆ ಮೊದಲು ಕಂಡವರು, ತಪ್ಪಾಯಿತು ಎಂಬ ಒಂದು ಮಾತನ್ನೂ ನನ್ನಿಂದ ಕೇಳದವರು, ಮಿರ್ಲೆಯ ಬಳೆ ಸಣ್ಣತಾಯಮ್ಮನವರು.