ಸೂಲಗಿತ್ತಿಯ ಕೈಗುಣ

ನಮ್ಮ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಸೂಲಗಿತ್ತಿ ಎಂದೇ ಕರೆಯುವುದು. ಹಾಗಂತ ಅವಳು ಒಂದು ಹೆರಿಗೆಯನ್ನೂ ಮಾಡಿಸಿದವಳಲ್ಲ. ಹದಿನೆಂಟು ವರ್ಷದಿಂದ ಅವಳು ಪ್ರಯೋಗಕ್ಕೆಂದು ಸಾಕುತ್ತಿರುವುದು ಲಿಂಫೋಮಾ ಕೋಶಗಳನ್ನು, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರನ್ನು. ಲೋಕವೆಲ್ಲ ಕ್ಯಾನ್ಸರಿಗೆ ಹಿಡಿಶಾಪ ಹಾಕುತ್ತಿದ್ದರೆ ಇವಳು ದಿನ ಬಿಟ್ಟು ದಿನ ಅದು ಬೆಳೆಯುವ ಗುಲಾಬಿ ಬಣ್ಣದ ದ್ರವ ಬದಲಿಸಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡುತ್ತಾಳೆ. ತನ್ನ ಕೈಯಲ್ಲಿ ಕೋಶ ಬೆಳೆಸುವ ಒಂದು ಫ್ಲಾಸ್ಕೂ ಸತ್ತಿಲ್ಲ ಎಂಬುದು ಅವಳ ಜಂಬ. ಊಟದ ಹೊತ್ತಿಗೆ ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ನಾನು ಅಲ್ಲಿ ಗಾಜಿನ ಸಾಮಾನು ತೊಳೆಯುವವನು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಮೂರು ವರ್ಷದ ಹಿಂದೆ ಒಬ್ಬ ಸಂಶೋಧಕಿ ಬಂದಳು. ನಿದ್ದೆ ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಅವಳು ಹೇಳುವ ಪ್ರಕಾರ ನಮ್ಮ ಕೋಶಗಳಲ್ಲಿ ಕಾವಲುಗಾರನಂಥ ಒಂದು ಜೀನ್ ಇರುತ್ತದೆ. ಕೋಶ ಹದ್ದುಮೀರಿ ಬೆಳೆದರೆ ಅದನ್ನು ಸಾಯಿಸುವುದೇ ಅದರ ಕೆಲಸ. ಲಿಂಫೋಮಾದಲ್ಲಿ ಆ ಜೀನ್ ಇದೆ, ಆದರೆ ಗೊರಕೆ ಹೊಡೆಯುತ್ತಿದೆ. ಎಬ್ಬಿಸಲು ಅವಳು ಔಷಧಿಗಳನ್ನು ಹುಡುಕುತ್ತಿದ್ದಳು. ಕೊನೆಯ ಔಷಧಿಯನ್ನು ಒಂದು ಶುಕ್ರವಾರ ಆರು ಫ್ಲಾಸ್ಕುಗಳಲ್ಲಿ ಒಂದಕ್ಕೆ ಹಾಕಿದಳು. ಯಾವುದಕ್ಕೆ ಎಂದು ಸೂಲಗಿತ್ತಿಗೆ ಹೇಳಲಿಲ್ಲ. ಹೇಳಿದರೆ ಆರೈಕೆಯಲ್ಲಿ ಪಕ್ಷಪಾತ ಆಗುತ್ತದಂತೆ.

ಭಾನುವಾರವೂ ಬಂದು ಕೋಶಗಳ ಯೋಗಕ್ಷೇಮ ನೋಡುವುದು ಸೂಲಗಿತ್ತಿಯ ಅಭ್ಯಾಸ. ಆ ಭಾನುವಾರ ಮಾತ್ರ ಉಂಡು ಮಲಗಿದವಳು ಸಂಜೆಯೇ ಎದ್ದದ್ದು. ಸೋಮವಾರ ಬೆಳಿಗ್ಗೆ ನೋಡಿದರೆ ನಾಲ್ಕನೇ ಫ್ಲಾಸ್ಕಿನ ಕೋಶಗಳೆಲ್ಲ ಒಡೆದು ಚೂರಾಗಿದ್ದವು. ಔಷಧಿಯಿಂದ ಇರಬಹುದೇ ಎಂದು ಅವಳು ಯೋಚಿಸಬೇಕಿತ್ತು. ಆದರೆ ಅವಳ ಕಾಲದಲ್ಲಿ ಎಷ್ಟೋ ಔಷಧಿಗಳು ಬಂದುಹೋಗಿದ್ದವು, ಒಂದೂ ಈ ಕೋಶಗಳ ಕೂದಲು ಕೊಂಕಿಸಿರಲಿಲ್ಲ. ತನ್ನ ನಿದ್ದೆಯಿಂದಲೇ ಸತ್ತವು ಎಂದು ತಿಳಿದು, ಆ ಫ್ಲಾಸ್ಕಿಗೆ ಬ್ಲೀಚ್ ಸುರಿದು ನನ್ನ ತೊಟ್ಟಿಗೆ ಹಾಕಿದಳು. ಬೇರೆ ಫ್ಲಾಸ್ಕಿನಿಂದ ಆರೋಗ್ಯವಾಗಿದ್ದ ಕೋಶ ತುಂಬಿ, ಮೇಲೆ ನಾಲ್ಕು ಎಂದು ಬರೆದು ಒಳಗಿಟ್ಟಳು.

"ಅಕ್ಕಾ, ನಾಲ್ಕು ಇಲ್ಲಿದೆಯಲ್ಲ, ಒಳಗಿರೋದು ಯಾವ ನಾಲ್ಕು?" ಎಂದೆ.

"ಬಾಯಿ ಮುಚ್ಕೊಂಡು ತೊಳಿ" ಎಂದಳು.

ಇಷ್ಟು ವರ್ಷ ಕಾದಿದ್ದ ಗಳಿಗೆ ಅದು, ಆದರೆ ಅವಳ ಮುಖ ನೋಡಿ ನನಗೇ ಸಂಕಟವಾಯಿತು. ಆ ಫ್ಲಾಸ್ಕನ್ನು ತೊಳೆದಿಟ್ಟೆ.

ಹತ್ತು ಗಂಟೆಗೆ ಸಂಶೋಧಕಿ ಬಂದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಆರೂ ಫ್ಲಾಸ್ಕಿನಲ್ಲಿ ಕ್ಯಾನ್ಸರ್ ಸುಖವಾಗಿತ್ತು. ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು.

"ನಾಲ್ಕಕ್ಕೆ ಏನೂ ಆಗಿಲ್ಲ ಅಕ್ಕ. ಮೂರು ವರ್ಷ ಮಣ್ಣುಪಾಲಾಯ್ತು. ನಾಳೆ ಸರ್‌ಗೆ ಹೇಳಿ ಈ ಕೆಲಸ ನಿಲ್ಲಿಸಿಬಿಡ್ತೀನಿ."

ಸೂಲಗಿತ್ತಿ ಕೈಗವಸು ಬಿಚ್ಚಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

"ನಾಲ್ಕಕ್ಕಾ ಔಷಧಿ ಹಾಕಿದ್ದು?"

"ಹೂಂ."

"ಇದು ಆ ನಾಲ್ಕಲ್ಲ ಕಣಮ್ಮ. ಅದು ಸತ್ತುಹೋಯ್ತು, ಒಂದು ಕೋಶನೂ ಉಳೀಲಿಲ್ಲ. ನಾನೇ ಬದಲಾಯಿಸಿಟ್ಟೆ. ನಿನ್ನೆ ಬರದೆ ಮಲಗಿಬಿಟ್ಟಿದ್ದೆ, ಅದಕ್ಕೇ ಸತ್ವು."

"ಉಳಿದ ಐದು?"

"ಅವು ಚೆನ್ನಾಗೇ ಇದ್ವು."

"ನೀವು ಮಲಗಿದ್ದಕ್ಕೆ ಅಂದ್ರೆ ಆರೂ ಸಾಯಬೇಕಿತ್ತಲ್ಲ ಅಕ್ಕ."

ಸಂಶೋಧಕಿ ಮೊದಲು ನಕ್ಕಳು, ಆಮೇಲೆ ಅತ್ತಳು. ಸತ್ತ ಕೋಶಗಳನ್ನು ಪರೀಕ್ಷೆ ಮಾಡಿದ್ದರೆ ಜೀನ್ ಎದ್ದಿತ್ತೋ ಇಲ್ಲವೋ ಗೊತ್ತಾಗುತ್ತಿತ್ತು; ಅವು ಬ್ಲೀಚಿನ ಪಾಲಾಗಿದ್ದವು. ಅದು ಹೊಳೆದ ಮೇಲೆ ಸೂಲಗಿತ್ತಿಯನ್ನು ಹಿಗ್ಗಾಮುಗ್ಗಾ ಬೈದಳು. ಅಷ್ಟು ಮಾತು ಅವಳ ಹತ್ತಿರ ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಕೊನೆಗೆ ನೋಡಿದರೆ ಸೀಸೆಯ ತಳದಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಔಷಧಿ ಉಳಿದಿತ್ತು. ಶುಕ್ರವಾರ ಅದನ್ನು ಮತ್ತೆ ಯಾರಿಗೂ ಹೇಳದೆ ಒಂದು ಫ್ಲಾಸ್ಕಿಗೆ ಹಾಕಿದಳು.

ಮುಂದಿನ ಭಾನುವಾರ ಸೂಲಗಿತ್ತಿ ಬೆಳಿಗ್ಗೆಯೇ ಬಂದು ಕೂತಳಂತೆ. ಎರಡನೇ ಫ್ಲಾಸ್ಕಿನ ಕೋಶಗಳು ಸಾಯುತ್ತಿರುವುದನ್ನು ನೋಡಿದಳಂತೆ, ಏನನ್ನೂ ಮುಟ್ಟಲಿಲ್ಲವಂತೆ. ಹದಿನೆಂಟು ವರ್ಷದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ ಎಂದು ಅವಳೇ ಹೇಳಿದ್ದು. ಸೋಮವಾರ ಪರೀಕ್ಷೆಯಾಯಿತು: ಜೀನ್ ಎದ್ದಿತ್ತು.

ಸೂಲಗಿತ್ತಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ನೋಡೋ," ಎಂದಳು, "ನನ್ನ ಕೈಯಲ್ಲೇ ಸತ್ತದ್ದು."

ಅದನ್ನೂ ಜಂಬದಿಂದಲೇ ಹೇಳಿದಳು.