ಓದಿ ಹೇಳಿದ ಅರ್ಜಿ

ಮೈಸೂರಿನ ಕಚೇರಿಯೊಂದರ ಮುಂದೆ, ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ ಬರೆದು ಬದುಕಿದವನು ನಾನು. ಸ್ವಾತಂತ್ರ್ಯ ಬಂದ ವರ್ಷವೇ ಕೆಲಸ ಶುರುಮಾಡಿದೆ. ನನ್ನ ಬರವಣಿಗೆಯಲ್ಲಿ ಯಾವ ಸಾಹೇಬರೂ ಒಂದಕ್ಷರ ತಿದ್ದಲಾರರೆಂಬ ಜಂಬ ಮೈತುಂಬ ಇತ್ತು. ಆ ಜಂಬ ಏನು ಮಾಡಿತೆಂದು ಹೇಳಲು ನಾಚಿಕೆಯಾಗುತ್ತದೆ. ಹೇಳದೆ ಇರಲೂ ಆಗುತ್ತಿಲ್ಲ.

ಡಿಸ್ಟ್ರಿಕ್ಟ್ ಬೋರ್ಡಿನ ಮೀಟಿಂಗಿಗೆ ಕಾಡಿನ ಹಾಡಿಯಿಂದ ಬರುತ್ತಿದ್ದ ಮೆಂಬರೊಬ್ಬರಿದ್ದರು. ಜೇನುಕುರುಬರು. ಹರೆಯದಲ್ಲಿ ಖೆಡ್ಡಾದಲ್ಲಿ ಹಿಡಿದ ಆನೆಗಳಿಗೆ ಸೊಪ್ಪು ಕಡಿದು ಹಾಕುತ್ತಿದ್ದರಂತೆ. ಖಾದಿ ಟೋಪಿಯ ಮುಖಂಡರೊಬ್ಬರು ಇವರ ಮಾತಿನ ಜೋರು ನೋಡಿ ಚುನಾವಣೆಗೆ ನಿಲ್ಲಿಸಿದರು, ಇವರು ಗೆದ್ದೇಬಿಟ್ಟರು. ಇವರ ಪಕ್ಕದ ಕುರ್ಚಿಯಲ್ಲಿ ಕೂರಲು ಕೆಲವು ಮೆಂಬರುಗಳು ಗೊಣಗುತ್ತಿದ್ದರು. ಇವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಎದ್ದು ನಿಂತು ಹಾಡಿಗೆ ಬಾವಿ ಕೇಳುವರು, ಶಾಲೆ ಕೇಳುವರು. ಎರಡನೆಯ ಸಲವೂ ಗೆದ್ದರು. ಬಾವಿ ಆಯಿತು. ರುಜು ಹಾಕುವಷ್ಟು ಅಕ್ಷರ ಕಲಿತರು. ಓದುವುದಕ್ಕೂ ಬರೆಯುವುದಕ್ಕೂ ನಾನಿದ್ದೆ.

ಅಷ್ಟರಲ್ಲಿ ಅವರ ಕಡೆಯ ಹೊಳೆಗೆ ಅಣೆಕಟ್ಟು ಬರುತ್ತದೆಂಬ ಸುದ್ದಿ ಹಬ್ಬಿತು. ಹಾಡಿ ಮುಳುಗುತ್ತದೆ, ನೆಲೆ ಇದ್ದವರಿಗೆ ಬದಲಿ ಜಮೀನು ಸಿಗುತ್ತದೆ ಎಂದರು. ಒಂದು ಮಧ್ಯಾಹ್ನ ಮೆಂಬರು ನನ್ನ ಮೇಜಿನ ಮುಂದೆ ಬಂದು ಕೂತರು.

"ಪತ್ರ ಗಿತ್ರ ನಮ್ತಾವ ಇಲ್ಲ ಸ್ವಾಮಿ. ಮರ ಅವೆ, ಬಂಡೆ ಅವೆ. ಯೋಳ್ತೀನಿ, ಬರ್ಕಳಿ" ಎಂದು ಶುರುಮಾಡಿದರು. ಯಾವ ಮನೆಯವರು ಯಾವ ಬಂಡೆಯ ಜೇನು ಇಳಿಸುವವರು, ಯಾರ ಗೆಣಸಿನ ದಿಣ್ಣೆ ಎಲ್ಲಿಂದ ಎಲ್ಲಿಗೆ, ಯಾರ ಅಪ್ಪನನ್ನು ಯಾವ ಮತ್ತಿಮರದ ಬುಡದಲ್ಲಿ ಮಣ್ಣುಮಾಡಿದ್ದು. ಹಾಡಿಯ ಒಂದೊಂದು ಮನೆಗೂ ಒಂದೊಂದು ಗುರುತು.

ನನ್ನದೊಂದು ನಿಯಮವಿತ್ತು: ಅರ್ಜಿ ಒಂದು ಹಾಳೆ ದಾಟಕೂಡದು, ದಾಟಿದರೆ ಸಾಹೇಬರು ಓದುವುದಿಲ್ಲ. ಜೊತೆಗೆ ಹೊಟ್ಟೆ ಬೇರೆ ಚುರುಗುಟ್ಟುತ್ತಿತ್ತು. ಮರ, ಬಂಡೆ, ದಿಣ್ಣೆಗಳನ್ನೆಲ್ಲ ಬಿಟ್ಟು, "ಅನಾದಿಯಿಂದಲೂ ಸದರಿ ಅರಣ್ಯದಲ್ಲಿ ಅಲೆದು ಜೀವಿಸುತ್ತಿರುವ ಬಡವರಾದ ನಾವು" ಎಂದು ಬರೆದೆ. ಬರೆದು ನಾನೇ ಮೆಚ್ಚಿಕೊಂಡೆ.

ಓದು ಬರದವರ ಅರ್ಜಿಯ ಕೊನೆಗೆ "ಓದಿಸಿ ಕೇಳಿ ಒಪ್ಪಿ ರುಜು ಮಾಡಿದ್ದೇನೆ" ಎಂಬ ಸಾಲು ಇರಲೇಬೇಕು. ಅದರಂತೆ ಓದಿ ಹೇಳಬೇಕು. ಓದಲು ಕಾಗದ ಎತ್ತಿ ಅವರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ, ಒಂದೊಂದು ಗುರುತಿಗೂ ಬೆರಳು ಮಡಿಸಲು ಸಿದ್ಧರಾಗಿ ಕೂತಿದ್ದರು. ಮತ್ತೆ ಬರೆಯಬೇಕೆಂದರೆ ಊಟ ತಪ್ಪುತ್ತಿತ್ತು, ತಪ್ಪಾಯಿತೆಂದು ಒಪ್ಪಿಕೊಳ್ಳಬೇಕಾಗಿತ್ತು. ಕಾಗದದ ಮೇಲೆ ಕಣ್ಣಿಟ್ಟುಕೊಂಡು, ಅವರು ಹೇಳಿದ್ದ ಮರಗಳನ್ನೂ ಬಂಡೆಗಳನ್ನೂ ನೆನಪಿನಿಂದಲೇ ಒಂದೊಂದಾಗಿ ಒಪ್ಪಿಸಿದೆ. ನನ್ನ ಜ್ಞಾಪಕಶಕ್ತಿ ಆಗ ಬಹಳ ಚೆನ್ನಾಗಿತ್ತು.

"ಒಂದೂ ಬುಟ್ಟಿಲ್ಲ ಕಣ್ ಸ್ವಾಮಿ" ಎಂದು ಅವರು ನಗುತ್ತ ರುಜು ಹಾಕಿದರು.

ವರ್ಷ ಕಳೆದು ಸರ್ಕಾರದ ಉತ್ತರ ಬಂತು. ಅದನ್ನೂ ನನ್ನ ಬಳಿಯೇ ತಂದರು. ಅರ್ಜಿದಾರರು ತಾವು ಅಲೆದು ಜೀವಿಸುವವರೆಂದು ತಾವೇ ಒಪ್ಪಿರುವುದರಿಂದಲೂ, ಯಾವ ನೆಲೆಯನ್ನೂ ತೋರಿಸದೆ ಇರುವುದರಿಂದಲೂ ಬದಲಿ ಜಮೀನಿಗೆ ಅರ್ಹರಲ್ಲ ಎಂದಿತ್ತು. ಅವರು "ಆ ಮರ ಬರ್ದಿದ್ ಹಾಳೇನ ಆಪೀಸ್ನೋರು ಕಿತ್ತಾಕವ್ರೆ" ಎಂದರು. ನಾನು "ಇರಬಹುದು" ಎಂದೆ. ಅರ್ಜಿ ಇದ್ದದ್ದೇ ಒಂದು ಹಾಳೆ.

ಮುಂದೆ ಡಿಸ್ಟ್ರಿಕ್ಟ್ ಬೋರ್ಡು ಹೋಗಿ ತಾಲ್ಲೂಕು ಬೋರ್ಡು ಆಯಿತು, ಅದರ ಚುನಾವಣೆ ಬಂತು. ಮೆಂಬರು ಮತ್ತೆ ನಿಂತಿದ್ದರು. ಮುಖ ಇಳಿದುಹೋಗಿತ್ತು. "ಮರ ಬರಸ್ನೇ ಇಲ್ಲ, ಆಪೀಸರ ಜೊತೆ ಸೇರ್ಕಂಡು ನಮ್ಮನ್ನ ಮಾರ್ಬುಟ್ಟ ಅಂತಾವ್ರೆ ಸ್ವಾಮಿ, ನಮ್ ಹಾಡಿಯೋರೇ. ನಾನೇ ಕೂತು ಕೇಳಿವ್ನಿ ಅಂದ್ರೂ ನಂಬಲ್ಲ. ನೀವೊಂದ್ಸಲ ಬಂದು ಒಂದ್ ಮಾತು ಯೋಳ್ಬುಡಿ, ಸಾಕು" ಎಂದರು.

ಬರುವ ಭಾನುವಾರ ಮೊದಲನೆಯ ಬಸ್ಸಿಗೆ ಬರುತ್ತೇನೆ ಎಂದು ಮಾತು ಕೊಟ್ಟೆ. ಹೋಗಿ ಏನು ಹೇಳಬಹುದಿತ್ತು? ನಿಜ ಹೇಳಿದರೆ ನನ್ನ ಮಾನ ಹೋಗುತ್ತಿತ್ತು, ಅವರ ಮಾನ ಉಳಿಯುತ್ತಿತ್ತು. ಲೆಕ್ಕ ಅಷ್ಟು ಸುಲಭವಾಗಿತ್ತು.

ಅವರು ಸೋತರು. ಅವರ ಹಾಡಿಯವರೇ ಅವರಿಗೆ ಓಟು ಹಾಕಲಿಲ್ಲವೆಂದು ಬೋರ್ಡಿನ ಗುಮಾಸ್ತರೊಬ್ಬರು ಹೇಳಿದರು. ಆ ಭಾನುವಾರ ಮೆಂಬರು ಹಾಡಿಯ ಹಿರಿಯರನ್ನೆಲ್ಲ ರಸ್ತೆಗೆ ಕರೆತಂದು, ಬೆಳಗಿನ ಬಸ್ಸಿನಿಂದ ಸಂಜೆಯ ಬಸ್ಸಿನವರೆಗೂ ಕಾಯಿಸಿದ್ದರಂತೆ.

ನನಗೆ ಆ ದಿನ ಯಾವ ಕೆಲಸವೂ ಇರಲಿಲ್ಲ. ಸರಸ್ವತಿಪುರದ ಮನೆಯಲ್ಲೇ ಇದ್ದೆ.